ಸೋಲದೇವನಹಳ್ಳಿಯಲ್ಲಿ ಎರಡೂವರೆ ದಿನ

ನಮ್ಮವರು "ಸಾಕು ಕಣೇ" ಎಂದದ್ದು ಹೆಬ್ಬಾಳದ ಫ್ಲೈಓವರ್ ಕೆಳಗೆ, ಆಟೊದಲ್ಲಿ. ಡಯಾಲಿಸಿಸ್ ಮುಗಿಸಿಕೊಂಡು ಜಕ್ಕೂರಿಗೆ ವಾಪಸು ಬರುತ್ತಿದ್ದೆವು. ಸಿಗ್ನಲ್ ಬಿದ್ದಿತ್ತು. ಪಕ್ಕದ ಬಸ್ಸಿನವನು ಕಿವಿ ಹರಿದುಹೋಗುವ ಹಾಗೆ ಹಾರನ್ ಒತ್ತುತ್ತಿದ್ದ. ಆದರೂ ನನಗೆ ಆ ಮಾತು ಚೆನ್ನಾಗಿ ಕೇಳಿಸಿತು. ಕೇಳಿಸದವಳ ಹಾಗೆ ಆಟೊದವನ ಕಡೆ ಬಗ್ಗಿ, "ಸರ್ವಿಸ್ ರೋಡಲ್ಲೇ ಹೋಗಪ್ಪಾ, ಮೇಲೆ ಹೋಗ್ಬೇಡ" ಎಂದೆ.

ಏನು ಸಾಕು ಎಂದು ಕೇಳುವ ಅಗತ್ಯವಿರಲಿಲ್ಲ. ಮಂಗಳವಾರ, ಗುರುವಾರ, ಶನಿವಾರ, ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಆ ಯಂತ್ರದ ಪಕ್ಕ ಎಡಗೈ ಚಾಚಿ ಮಲಗುವುದು, ಮೈಯ ರಕ್ತವೆಲ್ಲ ಆಚೆ ಹೋಗಿ ತೊಳೆದುಕೊಂಡು ಬರುವುದು ಶುರುವಾಗಿ ಅದು ಮೂರನೆಯ ವರ್ಷ. ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಹಿರಿಯರೊಬ್ಬರು ಅದೇ ತಿಂಗಳು ಬರುವುದನ್ನು ನಿಲ್ಲಿಸಿದ್ದರು. ಊರಿಗೆ ಹೋದರೇನೋ ಎಂದುಕೊಂಡಿದ್ದೆ. ತಾವೇ ಇನ್ನು ಬೇಡ ಎಂದರಂತೆ, ಎರಡು ವಾರದೊಳಗೆ ಮುಗಿಯಿತಂತೆ. ಆ ಸುದ್ದಿಯನ್ನು ನಮ್ಮವರು ಕೇಳಿಸಿಕೊಂಡ ರೀತಿ ನನಗೆ ಒಂಚೂರೂ ಹಿಡಿಸಲಿಲ್ಲ. ಹೆದರಲಿಲ್ಲ, ಅಯ್ಯೋ ಎನ್ನಲಿಲ್ಲ. ಯಾರೋ ಒಳ್ಳೆಯ ಊಟ ಸಿಗುವ ಹೋಟೆಲಿನ ದಾರಿ ಹೇಳಿದರೆ ಕೇಳುವಂತೆ ತಲೆಯಾಡಿಸುತ್ತಾ ಕೇಳಿದರು.

ನಮಗೆ ಮಕ್ಕಳಿಲ್ಲ. ಈ ಮನುಷ್ಯ ಬಿಟ್ಟರೆ ನನಗೆ ಜಗಳ ಆಡುವುದಕ್ಕೂ ಇನ್ನೊಬ್ಬರಿಲ್ಲ. ಮೂವತ್ತೊಂದು ವರ್ಷ ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಮೂಟೆ ತೂಗುವ ಕೆಲಸ ಮಾಡಿದವರು ಅವರು. ಆಸ್ಪತ್ರೆಯಲ್ಲಿ ಪ್ರತಿ ಸಲವೂ ಯಂತ್ರಕ್ಕೆ ಹಾಕುವ ಮೊದಲು ತೂಕ ನೋಡುತ್ತಾರೆ, ಹಿಂದಿನ ಸಲಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಅಷ್ಟು ನೀರು ಮೈಯಲ್ಲಿ ನಿಂತಿದೆ ಎಂದು ಲೆಕ್ಕ. ತಕ್ಕಡಿ ಮೇಲೆ ನಿಂತು ಇವರು, "ನಿಮ್ ಸ್ಕೇಲು ಅರ್ಧ ಕೆಜಿ ಜಾಸ್ತಿ ತೋರ್ಸುತ್ತೆ ಸಿಸ್ಟರ್" ಎಂದು ಪ್ರತಿ ಸಲವೂ ತಕರಾರು ತೆಗೆಯುತ್ತಿದ್ದರು. ಆ ತಿಂಗಳಿಂದ ತಕರಾರು ನಿಂತುಹೋಗಿತ್ತು. ನನಗೆ ಭಯವಾದದ್ದು ಅದಕ್ಕೆ.

ಅಲ್ಲಿನ ಹೆಡ್ ನರ್ಸಿಗೆ ಮೆಲ್ಲಗೆ ಹೇಳಿದೆ. ಐವತ್ತು ದಾಟಿದ ಹೆಂಗಸು, ಕಂಡಿದ್ದನ್ನು ಕಂಡ ಹಾಗೆ ಹೇಳುವವರು. "ಮಿಷಿನ್ನು, ಮನೆ, ಮಿಷಿನ್ನು, ಮನೆ. ಯಾರಿಗ್ ಬೇಜಾರಾಗಲ್ಲ ಹೇಳಮ್ಮಾ? ಎಲ್ಲಾದ್ರೂ ಕರ್ಕೊಂಡ್ ಹೋಗು" ಎಂದರು. ಎಲ್ಲಿಗೆ ಎಂದೆ. ಧರ್ಮಸ್ಥಳಕ್ಕೆ ಹೋಗೋಣವೆಂದರೆ ಮೂರನೆಯ ದಿನ ಯಂತ್ರ ಎಲ್ಲಿ ಹುಡುಕಲಿ? "ದೂರ ಯಾಕೆ? ಈಗ ಸ್ಟೇಕೇಶನ್ ಅಂತ ಮಾಡ್ತಾರೆ. ಮನೆ ಹತ್ರಾನೇ, ಒಂದ್ ಗಂಟೆ ದಾರಿಲಿ, ಬೇರೆ ಜಾಗದಲ್ಲಿ ಎರಡ್ ದಿನ ಇದ್ದು ಬರೋದು. ಶನಿವಾರ ಹನ್ನೊಂದಕ್ಕೆ ಇಲ್ಲಿ ಮುಗಿಯುತ್ತೆ. ಮಂಗಳವಾರ ಏಳಕ್ಕೆ ಬಂದ್ರೆ ಸಾಕು. ನೀರು ಅಳೆದು ಕೊಡು, ಉಪ್ಪು ಹಾಕ್ಬೇಡ, ಉಸಿರು ಕಟ್ಟಿದ್ರೆ ತಕ್ಷಣ ಬಂದ್ಬಿಡು." ಅಷ್ಟು ಹೇಳಿ ಬೇರೆ ಮಂಚದ ಕಡೆ ಹೋದರು.

ನನಗೆ ಆ ಮಾತು ಹಿಡಿಯಿತು. ಮನುಷ್ಯನಿಗೆ ಒಂದು ಸಲ ಬದುಕಿನ ರುಚಿ ಹತ್ತಿಸಿಬಿಟ್ಟರೆ ಆಮೇಲೆ ಸಾಕು ಅನ್ನುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಪ್ರವಾಸ ಅನ್ನುವುದು ನೆಪ. ಅವರು ಇನ್ನೂ ಇರಬೇಕು ಎಂದು ಅವರಿಗೇ ಅನ್ನಿಸಬೇಕಿತ್ತು, ನನಗೆ ಬೇಕಾದದ್ದು ಅಷ್ಟೇ.

ಎಲ್ಲಿಗೆ ಅನ್ನುವುದೇ ಒಂದು ವಾರದ ಚರ್ಚೆಯಾಯಿತು. ನಂದಿಬೆಟ್ಟದ ಕಡೆ ರೂಮುಗಳಿವೆ ಎಂದೆ. "ಮೆಟ್ಲು ಹತ್ತಿಸ್ತೀಯಾ ನನ್ನ ಕೈಲಿ?" ಎಂದರು. ಆಸ್ಪತ್ರೆಗೆ ಹತ್ತಿರ ಇರಲಿ ಎಂದು ಹೆಬ್ಬಾಳದಲ್ಲೇ ಒಂದು ಹೋಟೆಲು ಎಂದೆ. "ಹೆಬ್ಬಾಳ ನೋಡಿ ನೋಡಿ ನನ್ನ ಕಣ್ಣು ಸೋತೋಗಿದೆ. ಅಲ್ಲಿ ಇರೋ ಬದ್ಲು ಫ್ಲೈಓವರ್ ಕೆಳ್ಗೆ ಚಾಪೆ ಹಾಕೊಂಡು ಮಲ್ಕೋಬಹುದು." ಜಕ್ಕೂರು ಕೆರೆಯ ದಡದಲ್ಲಿ ಎದ್ದಿದ್ದ ಅಪಾರ್ಟ್‌ಮೆಂಟಿನಲ್ಲಿ ಯಾರೋ ಎರಡು ದಿನಕ್ಕೂ ಮನೆ ಕೊಡುತ್ತಾರಂತೆ ಎಂದೆ. ಅದಕ್ಕಂತೂ "ನಮ್ಮೂರಿಗೇ ಟೂರಾ?" ಎಂದರು. ಕೊನೆಗೆ ಅವರೇ ಬಾಯಿ ಬಿಟ್ಟರು. "ಸೋಲದೇವನಹಳ್ಳಿ ಆದ್ರೆ ಬರ್ತೀನಿ."

ಆ ಹೆಸರು ಅವರ ಬಾಯಲ್ಲಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ಯಾಕೆಂದು ಹೇಳಬೇಕಾದರೆ ನಮ್ಮತ್ತೆ ತೀರಿಕೊಂಡದ್ದನ್ನು ಹೇಳಬೇಕು.

ಅದು ಐದು ವರ್ಷ ಹಿಂದಿನ ಮಾತು, ಆಗ ಇವರ ಆರೋಗ್ಯ ಚೆನ್ನಾಗಿತ್ತು. ಅತ್ತೆ ಹೋದ ಹೊತ್ತು ನೋಡಿ ಪುರೋಹಿತರು, ನಕ್ಷತ್ರ ಒಳ್ಳೆಯದಲ್ಲ, ಮೂರು ತಿಂಗಳು ಮನೆ ಬಿಡಬೇಕು ಎಂದರು. ಜಕ್ಕೂರಿನ ಹಳೇ ಬೀದಿಗಳಲ್ಲಿ ಇದನ್ನು ಈಗಲೂ ಯಾರೂ ತಮಾಷೆಯಾಗಿ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ದೀಪ ಹಚ್ಚುವ ಹಾಗಿಲ್ಲ, ಒಲೆ ಉರಿಸುವ ಹಾಗಿಲ್ಲ. ಬೀಗ ಹಾಕಿ, ಹೊಸ್ತಿಲಿಗೆ ಅಡ್ಡ ಒಂದು ಮುಳ್ಳಿನ ಕೊಂಬೆ ಇಟ್ಟು ಹೊರಟುಬಿಡಬೇಕು. ಬಾಗಿಲಲ್ಲಿ ಮುಳ್ಳು ಕಂಡರೆ ಬೀದಿಯವರಿಗೆ ಇನ್ನೇನೂ ಹೇಳಬೇಕಾಗಿಲ್ಲ, ಎಲ್ಲ ಗೊತ್ತಾಗುತ್ತದೆ. ನೆಂಟರ ಮನೆಗೂ ಹೋಗಬಾರದು ಎಂದು, ಯಾರ್ಡಿನಲ್ಲಿ ಇವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ತಮ್ಮ ಹೂವಿನ ಗಿಡಗಳ ನರ್ಸರಿಯಲ್ಲಿದ್ದ ಎರಡು ಕೋಣೆ ಬಿಟ್ಟುಕೊಟ್ಟರು. ನರ್ಸರಿ ಇದ್ದದ್ದು ಸೋಲದೇವನಹಳ್ಳಿಯಲ್ಲಿ.

ಆ ಮೂರು ತಿಂಗಳು ನಾನು ಸುಖವಾಗಿದ್ದೆ. ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ನಿಜ. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಬಂದುಹೋಗುವ ನೆಂಟರು ಸೇರಿ ಎಂಟು ಜನಕ್ಕೆ ಕಡಿಮೆ ಮುದ್ದೆ ತೊಳಸಿದವಳಲ್ಲ ನಾನು. ಅಲ್ಲಿ ನಾವಿಬ್ಬರೇ. ಬೆಳಿಗ್ಗೆ ಇವರು ಪ್ಯಾಸೆಂಜರ್ ರೈಲು ಹತ್ತಿ ಯಶವಂತಪುರಕ್ಕೆ ಹೋಗುತ್ತಿದ್ದರು, ಸಂಜೆಯ ರೈಲಿಗೆ ನಾನು ಸ್ಟೇಷನ್ ತನಕ ನಡೆದು ಹೋಗಿ ಕಾಯುತ್ತಿದ್ದೆ. ಇಳಿದವರೇ ಚೀಲ ನನ್ನ ಕೈಗೆ ಕೊಟ್ಟು ಮುಂದೆ ನಡೆಯುತ್ತಿದ್ದರು. ಅದರಲ್ಲಿ ಕಡಲೆಕಾಯಿಯೋ ಮಲ್ಲಿಗೆಯೋ ಇರುತ್ತಿತ್ತು. ಸೂತಕದವರು ನಗಬಾರದು ಎಂದು ನಾವು ಬಾಗಿಲು ಹಾಕಿಕೊಂಡು ನಗುತ್ತಿದ್ದೆವು. ಅತ್ತೆ ಸತ್ತಿದ್ದಕ್ಕೆ ಸಿಕ್ಕಿದ ಸುಖ ಇದು ಎಂದು ನನಗೆ ಒಳಗೇ ಕೊರೆಯುತ್ತಿತ್ತು. ಇವರು ಅದರ ಬಗ್ಗೆ ಐದು ವರ್ಷದಲ್ಲಿ ಒಂದು ಮಾತೂ ಆಡಿರಲಿಲ್ಲ. ಅವರಿಗೂ ಅದು ನೆನಪಿದೆ ಎಂದು ಗೊತ್ತಾದದ್ದು ಅವತ್ತೇ.

ಹೋಗುವುದು ಎಂದಾಯಿತು. ನಾನು ಒಂದು ವಾರ ಪಟ್ಟಿ ಮಾಡಿದೆ. ಅಳತೆ ಗೆರೆ ಇರುವ ಒಂದು ಲೀಟರಿನ ಬಾಟಲಿ, ಏಕೆಂದರೆ ಕಾಫಿ ಸಾರು ಎಲ್ಲ ಸೇರಿ ದಿನಕ್ಕೆ ಅವರಿಗೆ ಅಷ್ಟೇ. ಇವರಿಗೆ ಆಗದ ಪೊಟ್ಯಾಸಿಯಂ ಹೋಗಲೆಂದು ತರಕಾರಿ ಹೆಚ್ಚಿ, ಬೇಯಿಸಿ, ನೀರು ಚೆಲ್ಲುವುದಕ್ಕೆ ದೊಡ್ಡ ಪಾತ್ರೆ. ಮಾತ್ರೆ ಡಬ್ಬಿ, ಬಿಪಿ ಮಿಷಿನ್ನು, ಸಣ್ಣ ಗ್ಯಾಸ್ ಸ್ಟೌ, ಎರಡು ರಗ್ಗು. ಮಂಗಳವಾರ ಬೆಳಿಗ್ಗೆ ಐದೂವರೆಗೆ ಸೋಲದೇವನಹಳ್ಳಿಗೇ ಬರಬೇಕೆಂದು ನಮ್ಮ ಮಾಮೂಲಿ ಆಟೊದವನಿಗೆ ಹೇಳಿದೆ. ಇವರದು ಎರಡೇ ಷರತ್ತು. ಹೋಗುವುದು ರೈಲಿನಲ್ಲಿ, ಮತ್ತು ಫೋನು ಆಫ್. "ದಿನಕ್ಕೆ ಹತ್ತು ಜನ ಹೆಂಗಿದ್ದೀರಾ ಅಂತ ಕೇಳ್ತಾರೆ. ಹಿಂಗಿದ್ದೀನಿ ಅಂತ ಹತ್ತು ಸಲ ಹೇಳ್ಬೇಕು. ಎರಡ್ ದಿನ ನಾನು ಹೆಂಗೂ ಇರಲ್ಲ." ಮನೆಗೆಲ್ಲ ಇದ್ದದ್ದು ಒಂದೇ ಫೋನು. ಆಗಲಿ ಎಂದೆ.

ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಬೀದಿಯವರು ಸುಮ್ಮನಿರುತ್ತಿರಲಿಲ್ಲ, ಕಾಯಿಲೆ ಮನುಷ್ಯನನ್ನು ಎಳೆದುಕೊಂಡು ಟೂರು ಹೊರಟಳು ಎಂದು ಮೂಗು ಮುರಿಯುತ್ತಿದ್ದರು. ನಮ್ಮತ್ತಿಗೆಗಂತೂ, ಅಂದರೆ ಇವರ ಅಕ್ಕನಿಗೆ, ಹೇಳುವ ಮಾತೇ ಇರಲಿಲ್ಲ. ಹಳೇ ಯಲಹಂಕದಲ್ಲಿರುವ ಅವರೂ ನಾನೂ ಮಾತು ಬಿಟ್ಟು ಆರು ತಿಂಗಳಾಗಿತ್ತು. ತಮ್ಮನನ್ನು ಯಾವುದೋ ಬೇರು ಕೊಡುವವನ ಹತ್ತಿರ ಕರೆದೊಯ್ಯಬೇಕು ಎಂದರು, ನಾನು ಬಿಡಲಿಲ್ಲ. "ಅವ್ನು ನಿನ್ನ ಸೊತ್ತು ಅಂದ್ಕೊಂಬುಟ್ಟಿದ್ದೀಯ" ಎಂದಿದ್ದರು. ಹೌದು ಎಂದಿದ್ದೆ.

ಶನಿವಾರ ಆಸ್ಪತ್ರೆಯಿಂದ ಮನೆಗೆ ಬಂದು, ಎರಡು ತುತ್ತು ಉಣ್ಣಿಸಿ, ಗಂಟುಮೂಟೆ ಹೊರಗಿಟ್ಟೆ. ಬೀಗ ಹಾಕುವಾಗ ಜಗಲಿ ಮೇಲಿನ ಕುಂಡಗಳ ಯೋಚನೆ ಬಂತು. ಹಿಂದಿನ ಬೀದಿಯ ಆಡುಗಳು ಮನೆಯಲ್ಲಿ ಯಾರೂ ಇಲ್ಲವೆಂದರೆ ಸಾಕು, ದಾಸವಾಳ, ದೊಡ್ಡಪತ್ರೆ ಎಲ್ಲ ಬೋಳಿಸಿ ಹೋಗುತ್ತವೆ. ಕುಂಡಗಳನ್ನೆಲ್ಲ ಹೊಸ್ತಿಲ ಹತ್ತಿರ ಕೂಡಿಹಾಕಿ, ಕಾಂಪೌಂಡಿನ ಕಾಗದದ ಹೂವಿನ ಗಿಡದಿಂದ ನಾಲ್ಕು ಮುಳ್ಳಿನ ಕೊಂಬೆ ಕಡಿದು ಮೇಲೆ ಹೊದಿಸಿದೆ. ಅವಸರದಲ್ಲಿ ಕೈಗೂ ಚುಚ್ಚಿಸಿಕೊಂಡೆ. ಆಡುಗಳ ಮೇಲಿನ ಸಿಟ್ಟಿನಲ್ಲಿ ನಾನು ಮಾಡಿದ್ದೇನು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಯಶವಂತಪುರಕ್ಕೆ ಮೆಟ್ರೊ ಬಂದು ಎರಡು ವರ್ಷವಾಗಿತ್ತು. ಇವರು ಯಾರ್ಡು ಬಿಟ್ಟ ಮೇಲೆ ಆ ಕಡೆ ಬಂದಿರಲಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ತಲೆ ಎತ್ತಿ ಎತ್ತಿ ನೋಡಿದರು. ರೈಲು ಹೊರಟ ಮೇಲೆ ಕಿಟಕಿಯಿಂದ ಮೂಗು ತೆಗೆಯಲಿಲ್ಲ. "ಈರುಳ್ಳಿ ವಾಸ್ನೆ ಬಂತಾ?" ಎಂದರು. ನನಗೆ ಬಂದದ್ದು ಮೂತ್ರದ ವಾಸನೆ. ಬಂತು ಎಂದೆ. ಚಿಕ್ಕಬಾಣಾವರ ಆಯಿತು, ಆಮೇಲೆ ನಮ್ಮ ಸ್ಟೇಷನ್. ಇಪ್ಪತ್ತು ಚಿಲ್ಲರೆ ನಿಮಿಷದ ಪ್ರಯಾಣ. ಇಳಿದವರೇ ಹಳೇ ಅಭ್ಯಾಸದಂತೆ ಚೀಲ ನನ್ನ ಕೈಗೆ ಕೊಟ್ಟು ಮುಂದೆ ನಡೆದರು. ಆರೇಳು ಹೆಜ್ಜೆ ಹಾಕಿ ದಣಿದು ನಿಂತರು, ಅಷ್ಟೇ ವ್ಯತ್ಯಾಸ.

ಆ ಭಾನುವಾರದ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ, ಏಕೆಂದರೆ ಏನೂ ನಡೆಯಲಿಲ್ಲ. ನರ್ಸರಿಯವರು ಬೀಗದ ಕೈ ಕೊಟ್ಟು ತಮ್ಮ ಊರಿಗೆ ಹೋಗಿದ್ದರು. ಸುತ್ತ ಕಾಲೇಜುಗಳೆದ್ದು ಊರು ಬದಲಾಗಿತ್ತು, ಆದರೆ ಗೇಟಿನ ಒಳಗೆ ಕುಂಡಗಳ ಸಾಲು, ಒಂದು ಸೀಬೆ ಮರ, ನಲ್ಲಿ, ಎರಡು ಕೋಣೆ ಹಾಗೇ ಇದ್ದವು. ಇವರು ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಗುಲಾಬಿ ಗಿಡಗಳ ಒಣಗಿದ ಎಲೆ ಕಿತ್ತರು. ಮಧ್ಯಾಹ್ನ ನಿದ್ದೆ ಮಾಡಿದರು. ಆಸ್ಪತ್ರೆಯ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಸಂಜೆ ನನ್ನ ಸಪ್ಪೆ ಉಪ್ಪಿಟ್ಟು ತಿಂದು, "ಕೈಗುಣ ಚೆನ್ನಾಗಿದೆ, ಉಪ್ಪಿಂದೇ ತಪ್ಪು" ಎಂದರು. ಊಟದ ತಟ್ಟೆಯ ಮುಂದೆ ಮೂರು ವರ್ಷದಲ್ಲಿ ಅವರು ಮಾಡಿದ ಮೊದಲನೆಯ ತಮಾಷೆ. ಗೆದ್ದೆ ಎಂದುಕೊಂಡೆ. ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಿಂತೆ, ಅಷ್ಟು ಸಂತೋಷವಾಯಿತು.

ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಗೇಟಿನ ಹೊರಗೆ ಒಂದು ಗೂಡ್ಸ್ ಆಟೊ ಬಂದು ನಿಂತಿತು. ಇವರು ಹಿಂದಿನ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದರು. ಗಿಡ ಕೊಳ್ಳುವವರು ಎಂದುಕೊಂಡು ನಾನು ಮುಂದೆ ಹೋದೆ. ಮೊದಲು ಇಳಿದವರು ನಮ್ಮತ್ತಿಗೆ. ಕೂದಲು ಕೆದರಿಕೊಂಡು, ಎದೆ ಬಡಿದುಕೊಳ್ಳುತ್ತಾ ಗೇಟು ಹಿಡಿದು ಕುಸಿದು ಕೂತರು. ಹಿಂದೆ ನಮ್ಮ ಎದುರು ಮನೆಯವಳು, ಇನ್ನೂ ನಾಲ್ಕು ಜನ. ಒಬ್ಬರ ಕೈಯಲ್ಲಿ ಚೆಂಡುಹೂವಿನ ಹಾರ. ಇನ್ನೊಬ್ಬರ ತಲೆಯ ಮೇಲೆ ಬಟ್ಟೆ ಕಟ್ಟಿದ ದಬರಿ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ನೆಂಟರೇ ಬೇಯಿಸಿ ತರುವುದು ನಮ್ಮಲ್ಲಿ ವಾಡಿಕೆ.

"ಅಯ್ಯೋ ನನ್ ತಮ್ಮಾ! ನನ್ ಸೊಂಟದ್ ಮ್ಯಾಲೆ ಬೆಳ್ದೋನೇ! ಮೂಟೆ ತೂಗಿ ತೂಗಿ ನನ್ ಮಗಳ್ ಮದ್ವೆ ಮಾಡ್ದೋನೇ! ಒಂದ್ ದಿನ ತಿರುಗ್ಸಿ ಮಾತಾಡ್ದೋನಲ್ವಲ್ಲೋ! ಯಾರ್ ಮನೆ ತೂಕದಾಗೂ ಒಂದ್ ಈರುಳ್ಳಿ ಎತ್ಕಂಡೋನಲ್ವಲ್ಲೋ! ಇಂಗೆ ಏಳ್ದೆ ಕೇಳ್ದೆ ಎಲ್ಲಿಗೋದ್ಯೋ!"

ಅತ್ತಿಗೆ ನನ್ನನ್ನು ಕಂಡವರೇ ಎದ್ದು ಬಂದು ಎರಡೂ ಭುಜ ಹಿಡಿದು ಅಲುಗಾಡಿಸಿದರು. "ಮುಖಾನೂ ತೋರಿಸ್ದಂಗೆ ಮಣ್ ಮಾಡ್ಬುಟ್ಟಲ್ಲೇ! ಮಾತು ಬುಟ್ಟಿದ್ದೆ ಅಂತ ಇಂಥಾ ಸೇಡಾ? ನಾನೇನ್ ಸತ್ತೋಗಿದ್ನಾ? ಬಾಗ್ಲಿಗೆ ಮುಳ್ಳು ಆಕಿ, ಫೋನ್ ಆರ್ಸಿ, ಕಳ್ಳಿ ಅಂಗೆ ಬಂದು ಕುಂತಿದ್ದೀಯಲ್ಲಾ!"

ಮುಳ್ಳು ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಎಲ್ಲ ಅರ್ಥವಾಯಿತು. ಯಾವುದೋ ಮದುವೆಗೆ ಹೋಗಿದ್ದ ಎದುರು ಮನೆಯವಳು ಭಾನುವಾರ ವಾಪಸು ಬಂದಿದ್ದಾಳೆ. ಬೀಗ ನೋಡಿದ್ದಾಳೆ, ಹೊಸ್ತಿಲ ಮೇಲೆ ಮುಳ್ಳು ನೋಡಿದ್ದಾಳೆ, ಫೋನು ಮಾಡಿದರೆ ಸ್ವಿಚ್ ಆಫ್. ಅತ್ತಿಗೆಗೆ ತಿಳಿಸಿದ್ದಾಳೆ. ಹಿಂದೆ ಮನೆ ಬಿಟ್ಟಾಗ ಎಲ್ಲಿಗೆ ಹೋಗಿದ್ದೆವು ಎಂಬುದು ಅತ್ತಿಗೆಗೆ ಗೊತ್ತು. ತಮ್ಮ ಕೆಟ್ಟ ನಕ್ಷತ್ರದಲ್ಲಿ ಹೋಗಿದ್ದಾನೆ, ಹೆಂಡತಿ ಸೇಡಿಗೆ ತಾನೇ ಎಲ್ಲ ಮುಗಿಸಿಬಿಟ್ಟಿದ್ದಾಳೆ ಎಂದು ನಂಬಿಕೊಂಡೇ ಬಂದಿದ್ದಾರೆ. ಇಲ್ಲ ಎಂದು ನಾನು ಹೇಳಿದ್ದು ಅತ್ತಿಗೆಯ ಅಳುವಿನಲ್ಲಿ ಮುಳುಗಿಹೋಯಿತು.

ಅಷ್ಟರಲ್ಲಿ ಇವರು ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಮನೆಯ ಪಕ್ಕದಿಂದ ಬಂದರು. ಅಳುವವರನ್ನೆಲ್ಲ ನೋಡಿ ಗಾಬರಿಯಾಗಿ, "ಏನಕ್ಕಾ? ಯಾರ್ ಹೋಗ್ಬಿಟ್ರು?" ಎಂದು ಕೇಳಿದರು.

ಹಾರ ಹಿಡಿದಿದ್ದ ಮನುಷ್ಯ ಅದನ್ನು ಬೆನ್ನ ಹಿಂದೆ ಅಡಗಿಸಿದ. ಅತ್ತಿಗೆ ನನ್ನ ಭುಜ ಬಿಟ್ಟು, ತಮ್ಮನ ಹತ್ತಿರ ಹೋಗಿ, ಮುಖವನ್ನು ಎರಡೂ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಶುರುವಾಯಿತು ನೋಡಿ. "ಬದುಕಿದ್ದೀಯೇನೋ ಮುಂಡೇದೇ!" ಎಂದು ಎದೆಗೆ ಎರಡು ಗುದ್ದಿದರು. ನಾನು "ಫಿಸ್ಟುಲಾ ಕೈ ಅಕ್ಕಾ, ಎಡಗೈ ಮುಟ್ಬೇಡಿ!" ಎಂದು ಮಧ್ಯೆ ಬಿದ್ದೆ, ಯಂತ್ರದ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ರಕ್ತನಾಳ ಕೂಡಿಸಿದ ಕೈ ಅದು. ಆಡುಗಳ ವಿಷಯ ಹೇಳಿದೆ. ಎದುರು ಮನೆಯವಳು ಮೊದಲು ನಕ್ಕಳು, ಆಮೇಲೆ ಎಲ್ಲರೂ. ಅತ್ತಿಗೆ ನಗುತ್ತಲೇ ಮತ್ತೆ ಅತ್ತರು, ನನ್ನ ಕೈ ಹಿಡಿದುಕೊಂಡು ಅತ್ತರು. ಆರು ತಿಂಗಳ ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು.

ದಬರಿಯಲ್ಲಿದ್ದದ್ದು ಹುರುಳಿಕಾಳಿನ ಸಾರು, ಜೊತೆಗೆ ಮುದ್ದೆ, ಅನ್ನ. ಹುರುಳಿಯಲ್ಲೂ ಅದೇ ಪೊಟ್ಯಾಸಿಯಂ, ಇವರಿಗೆ ವಿಷ ಇದ್ದ ಹಾಗೆ. ಆದರೆ ಇವರೇ ತಟ್ಟೆ ಹಿಡಿದು ಕೂತರು. "ನನಗೆ ಅಂತ ತಂದಿದ್ದು, ನಾನ್ ತಿನ್ನದೆ ಇನ್ಯಾರ್ ತಿನ್ಬೇಕು?" ಒಂದೂವರೆ ಮುದ್ದೆ ಉಂಡರು. ನಾನು ಕಣ್ಣು ಬಿಟ್ಟರೆ, ಅತ್ತಿಗೆ "ಇವತ್ತೊಂದಿನ ಬುಡಮ್ಮಿ" ಎಂದರು. ಅಷ್ಟು ಜನರ ಮಧ್ಯೆ, ಸೀಬೆ ಮರದ ಕೆಳಗೆ, ಬೆರಳು ನೆಕ್ಕಿಕೊಂಡು ಉಣ್ಣುವ ಗಂಡನನ್ನು ನೋಡಿ ನಾನೂ ಸುಮ್ಮನಾದೆ. ಮಧ್ಯಾಹ್ನ ಮೂರಕ್ಕೆ ಅವರೆಲ್ಲ ಗೂಡ್ಸ್ ಆಟೊ ಹತ್ತಿ ಹೋದರು. ಹಾರವನ್ನು ಏನು ಮಾಡುವುದೆಂದು ತಿಳಿಯದೆ ಅಲ್ಲೇ ಕಟ್ಟೆಯ ಮೇಲೆ ಬಿಟ್ಟು ಹೋಗಿದ್ದರು. ನಾನದನ್ನು ಬಿಡಿಸಿ ಗಿಡಗಳ ಬುಡಕ್ಕೆ ಹಾಕಿದೆ.

ಹೊತ್ತು ಇಳಿಯಿತು. ತುಮಕೂರಿನ ಕಡೆ ಒಂದು ರೈಲು ಹೋಯಿತು. ಇವರು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು, ನಾನು ಪಕ್ಕದಲ್ಲಿ ಕೂತು ಅವರ ಪಾದಗಳನ್ನು ಒತ್ತಿ ನೋಡುತ್ತಿದ್ದೆ. ಊದಿಕೊಂಡಿದ್ದವು.

"ಅಕ್ಕ ಅತ್ತಿದ್ದು ಪೂರ್ತಿ ಕೇಳಿಸ್ತು ಕಣೇ ನನಗೆ" ಎಂದರು. "ನಲ್ಲಿ ಹತ್ರ ನಿಂತಿದ್ದೆ, ಅಳೋರು ಯಾರು ಅಂತ ಗೊತ್ತಾಗ್ಲಿಲ್ಲ. ಯಾರೋ ಬೇರೆಯವರ ವಿಷ್ಯ ಅಂದ್ಕೊಂಡೆ. ಎಂಥಾ ಒಳ್ಳೆ ಮನುಷ್ಯ ಹೋಗ್ಬಿಟ್ನಲ್ಲಪ್ಪಾ ಅನ್ನಿಸ್ತು."

ನಾನು ನಕ್ಕೆ. ಅವರು ನಗಲಿಲ್ಲ.

"ಒಳ್ಳೆಯವನು ಅನ್ನಿಸ್ಕೊಂಡಿರೋವಾಗ್ಲೇ ಹೊರಟ್ಬಿಟ್ರೆ ವಾಸಿ ಅಲ್ವಾ? ಇನ್ನೊಂದೆರಡು ವರ್ಷ ಎಳೆದ್ರೆ ಎಲ್ಲರಿಗೂ ಸಾಕಾಗಿರುತ್ತೆ. ಅಳು ಬರಲ್ಲ ಆಮೇಲೆ." ಗಿಡಗಳ ಕಡೆ ಕೈ ತೋರಿಸಿ ಮತ್ತೆ ಹೇಳಿದರು. "ಈ ಜಾಗ ನೋಡಿದೆ. ರೈಲಲ್ಲಿ ಕೂತೆ. ಎಲ್ಲರೂ ಬಂದ್ರು, ಅತ್ರು, ಊಟಾನೂ ಆಯ್ತು. ಇನ್ನೇನ್ ಬಾಕಿ ಹೇಳು? ನಾಳೆ ಆಟೊ ಬಂದ್ರೆ ವಾಪಸ್ ಕಳ್ಸಿಬಿಡು. ಇಲ್ಲೇ ಇದ್ಬಿಡೋಣ."

ದುಃಖದಿಂದ ಹೇಳಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಅವರು ಖುಷಿಯಾಗಿದ್ದರು. ಮೂರು ವರ್ಷದಲ್ಲಿ ನಾನು ಕಂಡಿರದಷ್ಟು ನೆಮ್ಮದಿ ಆ ಮುಖದಲ್ಲಿತ್ತು. ಇನ್ನೂ ಇರಬೇಕು ಅನ್ನಿಸಲಿ ಎಂದು ನಾನು ಕರೆದುಕೊಂಡು ಬಂದರೆ, ಇನ್ನು ಹೋಗಬಹುದು ಅನ್ನುವಷ್ಟು ತೃಪ್ತಿ ಅವರಿಗೆ ಸಿಕ್ಕಿಬಿಟ್ಟಿತ್ತು. ನನಗೆ ಎಷ್ಟು ಕೋಪ ಬಂತೆಂದರೆ ಉತ್ತರ ಕೊಡದೆ ಎದ್ದು ಒಳಗೆ ಹೋಗಿ ಅಕ್ಕಿ ತೊಳೆದೆ. ಒಂದು ಪಾವು ಅಕ್ಕಿಯನ್ನು ಆರು ಸಲ ತೊಳೆದೆ.

ಬೆಳಿಗ್ಗೆ ಆಟೊ ಬಂದಾಗ ನಸುಕು ಹರಿಯುತ್ತಿತ್ತು. ಗಂಟು ಕಟ್ಟಿ ಹೊರಗಿಟ್ಟಿದ್ದೆ. ಇವರು ಬನಿಯನ್, ಲುಂಗಿಯಲ್ಲೇ ಮೆಟ್ಟಿಲ ಮೇಲೆ ಕೂತಿದ್ದರು. ಉಸಿರು ಸ್ವಲ್ಪ ಮೇಲಕ್ಕೆ ಬರುತ್ತಿತ್ತು.

"ಏಳಿ" ಎಂದೆ.

"ನಿನ್ನೆ ಹೇಳಿದ್ನಲ್ಲಾ."

"ಹೇಳಿದ್ರಿ. ಕೇಳಿಸ್ಕೊಂಡೆ. ಅವತ್ತು ಆಟೊದಲ್ಲಿ ಹೇಳಿದ್ದೂ ಕೇಳಿಸ್ಕೊಂಡಿದ್ದೆ. ಏಳಿ."

"ಎಲ್ಲಾ ಆಯ್ತಲ್ಲೇ. ಎಲ್ಲರೂ ಅತ್ತಾಯ್ತು."

"ಯಾರ್ ಎಲ್ಲರೂ?" ನನ್ನ ಗಂಟಲು ಯಾವಾಗ ಏರಿತೋ ನನಗೇ ಗೊತ್ತಾಗಲಿಲ್ಲ. ಗೇಟಿನ ಹೊರಗೆ ಆಟೊದವನು ಇಂಜಿನ್ ಆರಿಸಿದ. "ನಿಮ್ಮಕ್ಕ ಅತ್ರು. ಎದುರು ಮನೆಯವಳು ಅತ್ಲು. ನಾನು ಅತ್ನಾ? ನಾನು ಆರು ಜನಕ್ಕೆ ತಟ್ಟೆ ತೊಳ್ಕೊಂಡು ಓಡಾಡ್ತಿದ್ದೆ. ನಾನಿನ್ನೂ ಶುರುನೇ ಮಾಡಿಲ್ಲ ರೀ. ನಿಮಗೆ ಸಾಕಾಗಿದೆ. ಸರಿ, ಒಪ್ಕೋತೀನಿ, ಆ ಸೂಜಿ ಚುಚ್ಚಿಸ್ಕೊಳ್ಳೋರು ನೀವು. ನನಗೆ ಸಾಕಾಗಿಲ್ಲ. ನೀವು ಒಳ್ಳೆ ಮನುಷ್ಯ ಅಂತ ಅಲ್ಲ. ಸುಮ್ನೆ ಮೂಲೇಲಿ ಕೂತಿರಿ, ಬೈಕೊಂಡಿರಿ, ಉಪ್ಪಿಲ್ಲ ಅಂತ ತಟ್ಟೆ ತಳ್ಳಿ. ನನಗೆ ಅಷ್ಟೇ ಬೇಕು."

ಇಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಅಲ್ಲೇ ಗಂಟಿನ ಮೇಲೆ ಕೂತುಬಿಟ್ಟೆ. ಅವರು ನನ್ನ ಮುಖ ನೋಡಿದರು.

"ಎಷ್ಟು ದಿನ ಬೇಕು ನಿನಗೆ?" ಎಂದರು.

"ಗೊತ್ತಿಲ್ಲ. ಇವತ್ತು ಬೇಕು."

ಅವರು ಗೋಡೆ ಹಿಡಿದು ಎದ್ದರು. "ಅಂಗಿ ಕೊಡು" ಎಂದರು.

ಆಸ್ಪತ್ರೆಯಲ್ಲಿ ತೂಕ ನೋಡಿದರೆ ನಾಲ್ಕು ಕೆಜಿ ಹೆಚ್ಚು. ಹೆಡ್ ನರ್ಸು ನನಗೂ ಅವರಿಗೂ ಸೇರಿಸಿ ಚೆನ್ನಾಗಿ ಬೈದರು. ಸೂಜಿ ಚುಚ್ಚಿ, ಪಟ್ಟಿ ಅಂಟಿಸಿ, ಸ್ವಲ್ಪ ತಣ್ಣಗಾದ ಮೇಲೆ, "ಹೋಗ್ಲಿ, ಎಂಜಾಯ್ ಮಾಡಿದ್ರಾ ಯಜಮಾನ್ರೇ?" ಎಂದು ಕೇಳಿದರು.

"ಬೊಂಬಾಟಾಗಿತ್ತು ಸಿಸ್ಟರ್. ನನ್ನ ತಿಥಿ ಊಟ ನಾನೇ ಉಂಡು ಬಂದೆ" ಎಂದರು.

ಅದಾದ ಮೇಲೆ ಅವರು ಹನ್ನೊಂದು ತಿಂಗಳು ಬದುಕಿದರು. ಒಂದು ಮಂಗಳವಾರವನ್ನೂ ತಪ್ಪಿಸಲಿಲ್ಲ. ಅವರ ಬಾಯಿಂದ ಸಾಕು ಎಂಬ ಮಾತು ಮತ್ತೆ ಬರಲಿಲ್ಲ. ಕೊನೆಯ ಎರಡು ತಿಂಗಳು ಚೆನ್ನಾಗಿರಲಿಲ್ಲ. ಕೈಯಲ್ಲಿ ಸೂಜಿಗೆ ಜಾಗ ಸಿಗದೆ ಕುತ್ತಿಗೆಯಲ್ಲಿ ನಳಿಕೆ ಹಾಕಿದರು, ಕಾಲಿನ ಬೆರಳು ಕಪ್ಪಾದವು, ರಾತ್ರಿಯೆಲ್ಲ ಕೂತೇ ಇರುತ್ತಿದ್ದರು. ಪ್ರತಿ ಮಂಗಳವಾರ ಬೆಳಿಗ್ಗೆ ನಾನು ಅಂಗಿ ಹಿಡಿದು ನಿಂತರೆ ಒಂದು ಕ್ಷಣ ನನ್ನ ಮುಖ ನೋಡಿ ತೋಳು ಚಾಚುತ್ತಿದ್ದರು. ಆ ನೋಟದಲ್ಲಿ ಒಂದು ಪ್ರಶ್ನೆ ಇತ್ತು. ನಾನು ಗುಂಡಿ ಹಾಕುತ್ತಾ ಕೆಳಗೆ ನೋಡುತ್ತಿದ್ದೆ.

ಜನ ಈಗಲೂ ನನ್ನನ್ನು ಹೊಗಳುತ್ತಾರೆ. ಗಂಡನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು, ಅವಳ ದೆಸೆಯಿಂದ ಅವನು ಅಷ್ಟು ದಿನ ಇದ್ದ ಎಂದು ಅತ್ತಿಗೆಯೇ ನಾಲ್ಕು ಜನರ ಮುಂದೆ ಹೇಳುತ್ತಾರೆ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಆ ಹನ್ನೊಂದು ತಿಂಗಳು ಅವರಿಗೆ ಬೇಕಿರಲಿಲ್ಲ. ನನಗೆ ಬೇಕಿತ್ತು. ಕೇಳಿದೆ, ಕೊಟ್ಟರು.